ಗಂಡಿಕೋಟದಲ್ಲಿ ಒಂದು ರಾತ್ರಿ: ಟೆಂಟೋ, ಕೋಣೆಯೋ?

ಕೇಳಿದವರು, ಬೆಂಗಳೂರಿನಿಂದ

ಡಿಸೆಂಬರ್‌ನಲ್ಲಿ ಗಂಡಿಕೋಟಕ್ಕೆ, ಆಂಧ್ರದ ಕಡಪ ಜಿಲ್ಲೆಯಲ್ಲಿ ಪೆನ್ನಾ ನದಿಯ ಕಮರಿಯ ಮೇಲಿರುವ ಕೋಟೆಗೆ, ಹೋಗಬೇಕೆಂದಿದ್ದೇವೆ. ಸ್ವಂತ ಕಾರು. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ ಮತ್ತು ಅರವತ್ತೆಂಟು ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು. ಬಿಟ್ಟು ಹೋಗುತ್ತೇವೆ ಎಂದರೆ ಅದಕ್ಕಿಂತ ದೊಡ್ಡ ನೋವು. ಮಗನಿಗೆ ಟೆಂಟೇ ಬೇಕು. ಯಜಮಾನರಿಗೆ ಬಿಸಿನೀರು ಬರುವ ಕೋಣೆಯೇ ಬೇಕು. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ತಿರುಗಿ ಬಂದವರೂ ಇದ್ದಾರಂತೆ. ಉಳಿಯುವುದು ಅಗತ್ಯವೇ? ಉಳಿದರೆ ಎಲ್ಲಿ? ಚಿಕ್ಕ ಹುಡುಗನನ್ನು ಕಮರಿಯ ಅಂಚಿಗೆ ಕರೆದೊಯ್ಯಬಹುದೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ತುಮಕೂರಿನಿಂದ

ಆ ಬೆಳಿಗ್ಗೆ ಹೋಗಿ ರಾತ್ರಿ ಬಂದವರಲ್ಲಿ ನಾನೂ ಒಬ್ಬ. ದಯವಿಟ್ಟು ಹಾಗೆ ಮಾಡಬೇಡಿ.

ಐದು ಗಂಟೆಗೆ ಮನೆ ಬಿಟ್ಟೆವು. ದಾರಿಯಲ್ಲಿ ತಿಂಡಿ, ಚಹಾ, ಎರಡು ಕಡೆ ದಾರಿ ತಪ್ಪಿದ್ದು, ಎಲ್ಲ ಸೇರಿ ಕೋಟೆ ಬಾಗಿಲು ಮುಟ್ಟಿದಾಗ ಹನ್ನೆರಡೂವರೆ. ಸೂರ್ಯ ನೆತ್ತಿಯ ಮೇಲೆ. ಆ ಹೊತ್ತಿನಲ್ಲಿ ಕಮರಿಗೆ ಆಳವೇ ಕಾಣುವುದಿಲ್ಲ. ನೆರಳಿಲ್ಲ, ಬಣ್ಣವಿಲ್ಲ, ಎಲ್ಲ ಒಂದೇ ಬೂದಿ. ಬಂಡೆಯ ಮೇಲೆ ಕೈಯೂರಿದರೆ ತವೆ ಮುಟ್ಟಿದಂತೆ. ಮೊಬೈಲ್‌ನಲ್ಲಿ ನೋಡಿದ್ದ ಜಾಗ ಇದೇನಾ ಎಂದು ಹೆಂಡತಿ ಕೇಳಿದಳು, ನನ್ನ ಬಳಿ ಉತ್ತರವಿರಲಿಲ್ಲ. ಕತ್ತಲಾಗುವ ಮೊದಲು ಅರ್ಧ ದಾರಿಯಾದರೂ ಸಾಗಬೇಕೆಂದು ಮೂರೂವರೆಗೆ ಹೊರಟೆವು. ಉಳಿಯುವ ಜನ ಆಗ ಒಬ್ಬೊಬ್ಬರಾಗಿ ಬರುತ್ತಿದ್ದರು. ನಮಗೆ ಅಲ್ಲಿಗೇ ಅರ್ಥವಾಯಿತು.

ಮರು ವರ್ಷ ಉಳಿದೆವು. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಒಮ್ಮೆ, ಬೆಳಿಗ್ಗೆ ಐದೂಮುಕ್ಕಾಲಿನಿಂದ ಎಂಟರವರೆಗೆ ಇನ್ನೊಮ್ಮೆ ಅಂಚಿನ ಬಳಿ ಕುಳಿತೆವು. ಗಂಡಿಕೋಟ ಎಂದರೆ ಈ ಎರಡು ಹೊತ್ತು. ನಡುವಿನದೆಲ್ಲ ಊಟ, ನಿದ್ದೆ.

ದಾರಿ: ಬಾಗೇಪಲ್ಲಿ ದಾಟಿ ಕೊಡಿಕೊಂಡದ ಬಳಿ ಹೆದ್ದಾರಿ ಬಿಟ್ಟು ಗೋರಂಟ್ಲ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು. ಬೆಂಗಳೂರಿನಿಂದ ಸುಮಾರು 280 ಕಿ.ಮೀ. ಏಳಕ್ಕೆ ಹೊರಟು ಕದಿರಿಯಲ್ಲಿ ನರಸಿಂಹಸ್ವಾಮಿಯ ದರ್ಶನ ಮಾಡಿ, ಊಟ ಮುಗಿಸಿ, ಮೂರಕ್ಕೆ ಕೋಣೆ ಸೇರಿದರೆ ಅತ್ತೆಯವರಿಗೂ ಖುಷಿ, ಮಂಡಿಗೂ ವಿಶ್ರಾಂತಿ. ಪೆಟ್ರೋಲು, ನಗದು ಎರಡನ್ನೂ ಜಮ್ಮಲಮಡುಗಿನಲ್ಲೇ ನೋಡಿಕೊಳ್ಳಿ. ಅಲ್ಲಿಂದ ಗಂಡಿಕೋಟ ಹದಿನೈದು ಕಿ.ಮೀ.

ಮೈಸೂರಿನಿಂದ

ಟೆಂಟ್! ಇದರಲ್ಲಿ ಯೋಚಿಸುವುದೇನಿದೆ?

ನಾವು ನಾಲ್ವರು ಗೆಳೆಯರು ಜನವರಿಯಲ್ಲಿ, ಅಮಾವಾಸ್ಯೆಯ ಹಿಂದಿನ ರಾತ್ರಿ ನೋಡಿಕೊಂಡು ಹೋದೆವು. ಊರಿನ ದೀಪಗಳು ದೂರ. ಮಲಗಿಕೊಂಡು ತಲೆ ಮಾತ್ರ ಟೆಂಟಿನಿಂದ ಹೊರಗಿಟ್ಟು ನಕ್ಷತ್ರ ನೋಡಿದ್ದು ಇವತ್ತಿಗೂ ಕಣ್ಣಿನಲ್ಲಿದೆ. ಆಂಧ್ರ ಪ್ರವಾಸೋದ್ಯಮದ ಹರಿತ ಹೋಟೆಲಿನ ಆಸುಪಾಸಿನಲ್ಲಿ ಸ್ಥಳೀಯ ಹುಡುಗರು ಟೆಂಟ್ ಬಾಡಿಗೆಗೆ ಕೊಡುತ್ತಾರೆ, ಹಾಸಿಗೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿಸಿ. ಬೆಳಗಿನ ಜಾವ ಗಾಳಿ ಜೋರು, ಚಳಿ. ಕಿವಿ ಮುಚ್ಚುವ ಟೋಪಿ, ಒಂದು ದಪ್ಪ ಹೊದಿಕೆ ಇರಲಿ. ಬಯಲುಸೀಮೆ ಎಂದು ಮೋಸ ಹೋಗಬೇಡಿ.

ದಾವಣಗೆರೆಯಿಂದ, ಒಬ್ಬ ಶಿಕ್ಷಕಿ

ಮೈಸೂರಿನ ತಮ್ಮನ ಉತ್ಸಾಹ ಓದಿ ನಗು ಬಂತು. ನಾವೂ ಟೆಂಟಿನಲ್ಲೇ ಇದ್ದೆವು, ಆದರೆ ಶನಿವಾರ ರಾತ್ರಿ. ಒಂದೇ ಬಯಲಿನಲ್ಲಿ ಮೂವತ್ತಕ್ಕೂ ಹೆಚ್ಚು ಟೆಂಟು, ಶೌಚಾಲಯ ಎರಡು. ಒಂದರ ಚಿಲಕ ಮುರಿದಿತ್ತು. ಒಂದು ಗುಂಪು ಬೆಂಕಿಯ ಸುತ್ತ ಸ್ಪೀಕರ್ ಇಟ್ಟುಕೊಂಡು ಒಂದೂವರೆಯವರೆಗೆ ಕುಣಿಯಿತು. ನಿಲ್ಲಿಸಿ ಎಂದು ಕೇಳಲು ಹೋದರೆ ಟೆಂಟಿನವನ ಫೋನ್ ಆಫ್. ನನ್ನ ತಂಗಿ ಕಾರಿನಲ್ಲಿ ಮಲಗಿದಳು. ಬೆಳಿಗ್ಗೆ ಸೂರ್ಯ ಹುಟ್ಟುವಾಗ ನಾವೆಲ್ಲ ತೂಕಡಿಸುತ್ತಿದ್ದೆವು.

ಆದ್ದರಿಂದ ಮುಂಗಡ ಕಳಿಸುವ ಮೊದಲು ಫೋನಿನಲ್ಲೇ ಕೇಳಿ: ಎಷ್ಟು ಟೆಂಟಿಗೆ ಎಷ್ಟು ಶೌಚಾಲಯ? ರಾತ್ರಿ ಹತ್ತರ ನಂತರ ಹಾಡು ನಿಲ್ಲಿಸುವವರು ಯಾರು? ಕಾವಲಿಗೆ ಜನ ಅಲ್ಲೇ ಮಲಗುತ್ತಾರೋ, ಮನೆಗೆ ಹೋಗುತ್ತಾರೋ? ಉತ್ತರಕ್ಕೆ ತಡವರಿಸಿದರೆ ಬೇರೆಯವರನ್ನು ನೋಡಿ. ಸಾಧ್ಯವಿದ್ದರೆ ಮಂಗಳವಾರ, ಬುಧವಾರ ಹೋಗಿ. ಮಂಡಿ ನೋವಿರುವವರನ್ನು ಮಾತ್ರ ಖಂಡಿತ ಟೆಂಟಿನಲ್ಲಿ ಮಲಗಿಸಬೇಡಿ. ನೆಲದಿಂದ ಏಳುವುದೇ ಅವರಿಗೆ ಒಂದು ಬೆಟ್ಟ ಹತ್ತಿದಂತೆ, ಅದೂ ನಡುರಾತ್ರಿ, ಕೈಯಲ್ಲಿ ಟಾರ್ಚ್ ಹಿಡಿದು. ಹರಿತ ಹೋಟೆಲಿನಲ್ಲಿ ಕೋಣೆ ಸಿಗುತ್ತದೆ. ಅದು ತುಂಬಿದ್ದರೆ ಜಮ್ಮಲಮಡುಗಿನಲ್ಲಿ ಸಾಧಾರಣ ವಸತಿಗೃಹ ನೋಡಿ. ಆದರೆ ಬೆಳಿಗ್ಗೆ ಕತ್ತಲಲ್ಲೇ ಎದ್ದು ಬರಬೇಕು.

ಗೌರಿಬಿದನೂರಿನಿಂದ

ನಿಮ್ಮ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅದನ್ನೇ ಹಿಡಿಯುತ್ತೇನೆ, ಸ್ವಲ್ಪ ಸುತ್ತಿಕೊಂಡು.

ನಮ್ಮೂರಿನ ಪಕ್ಕ ಉತ್ತರ ಪಿನಾಕಿನಿ ಇದೆ. ಇದೆ ಎಂದರೆ ಮರಳು, ಜಾಲಿ, ಒಳ್ಳೆಯ ಮಳೆಯಾದ ವರ್ಷ ಒಂದಿಷ್ಟು ನೀರು. ನಂದಿ ಸಾಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ನಮ್ಮನ್ನೂ ವಿದುರಾಶ್ವತ್ಥವನ್ನೂ ದಾಟಿ ಹಿಂದೂಪುರದ ಕಡೆಗೆ ಹೊರಟುಹೋಗುತ್ತದೆ. ಆಮೇಲೆ ಅದಕ್ಕೆ ಪೆನ್ನಾ ಎಂಬ ಹೆಸರು. ಎರ್ರಮಲ ಬೆಟ್ಟಗಳನ್ನು ಕೊರೆದು ಸುಮಾರು ಮುನ್ನೂರು ಅಡಿ ಆಳದ ಆ ಕಮರಿಯನ್ನು ಮಾಡಿದ್ದು ಇದೇ ಹೊಳೆ. ತೆಲುಗಿನ ‘ಗಂಡಿ’ ನಮ್ಮ ‘ಕಂಡಿ’ಯ ಒಡಹುಟ್ಟು, ಬೆಟ್ಟದಲ್ಲಿ ನದಿ ಬಿಡಿಸಿಕೊಂಡ ಕಂಡಿ, ಅದರ ಮೇಲಿನ ಕೋಟೆ. ಈಗ ಅಲ್ಲಿ ಕಾಣುವ ನೀರಿನಲ್ಲಿ ನಮ್ಮ ಪಾಲು ಎಷ್ಟೆಂದು ಕೇಳಬೇಡಿ. ಗಂಡಿಕೋಟ ಜಲಾಶಯಕ್ಕೆ ಶ್ರೀಶೈಲದ ಕಡೆಯಿಂದ ಕೃಷ್ಣೆಯ ನೀರು ಕಾಲುವೆಯಲ್ಲಿ ಬರುತ್ತದೆ. ಆದರೂ ಮೊದಲ ಸಲ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಾಗ, ಮನೆಬಿಟ್ಟು ಹೋಗಿದ್ದ ನೆಂಟ ಪರವೂರಿನಲ್ಲಿ ಧಣಿಯಾಗಿ ಕುಳಿತಿರುವುದನ್ನು ಕಂಡಂತಾಯಿತು.

ಇನ್ನು ಕಲ್ಲು. ಗ್ರಾನೈಟ್ ಎಂದು ಬರೆಯುವವರೇ ಹೆಚ್ಚು, ಅದು ತಪ್ಪು. ನಮ್ಮ ಕಡೆಯ ಗ್ರಾನೈಟ್ ಗುಂಡುಗುಂಡಾಗಿ, ಆನೆ ಮಲಗಿದಂತೆ ಇರುತ್ತದೆ. ಅಲ್ಲಿಯದು ಕ್ವಾರ್ಟ್‌ಜೈಟ್, ಕಡಪ ಸೀಮೆಯ ಬಹಳ ಹಳೆಯ ಪದರಗಲ್ಲು, ಚಪ್ಪಡಿಗಳನ್ನು ಒಂದರ ಮೇಲೊಂದು ಒಟ್ಟಿದಂತೆ. ಕೆಂಪು, ಕಂದು, ಕೆಲವೆಡೆ ಕುಂಕುಮ ಉಜ್ಜಿದಂತೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಚಪ್ಪಡಿ ಅಲುಗಾಡುತ್ತದೆ. ನಾನು ಒಂದರ ಮೇಲೆ ಕಾಲಿಟ್ಟೆ. ಅಟ್ಟದ ಸಡಿಲ ಹಲಗೆಯಂತೆ ‘ಟಕ್’ ಎಂದಿತು, ಅಂಚಿನಿಂದ ಮಡಕೆ ಚೂರಿನಷ್ಟು ಒಂದು ತುಣುಕು ಕಳಚಿತು. ಅದು ಕೆಳಗೆ ಬಿದ್ದ ಸದ್ದಿಗಾಗಿ ಕಾದೆ. ಸದ್ದು ಬರಲೇ ಇಲ್ಲ. ಹಾಗೇ ಕುಳಿತುಕೊಂಡು, ಕುಳಿತಲ್ಲಿಂದಲೇ ಹಿಂದಕ್ಕೆ ಸರಿದೆ.

ನೋಟ ಚೆನ್ನಾಗಿರುವ ಬಂಡೆಗಳ ಮೇಲೆ ಕಟಕಟೆಯಿಲ್ಲ. ಹುಡುಗನನ್ನು ಕರೆದೊಯ್ಯಿರಿ, ಖಂಡಿತ ಕರೆದೊಯ್ಯಿರಿ, ಆದರೆ ಕೈ ಬಿಡಬೇಡಿ. ಒಬ್ಬರು ಹುಡುಗನಿಗೇ ಮೀಸಲು, ಅವರ ಕೈಯಲ್ಲಿ ಮೊಬೈಲ್ ಇರಬಾರದು. ಅಂಚಿನಿಂದ ನಿಮ್ಮ ಎತ್ತರದ ಎರಡರಷ್ಟು ದೂರದಲ್ಲಿ ಕುಳಿತರೂ ಕಾಣುವುದೆಲ್ಲ ಕಾಣುತ್ತದೆ. ಚಪ್ಪಲಿ ಬೇಡ, ಶೂ. ಮಳೆ ಬಿದ್ದಿದ್ದರೆ ಬಂಡೆ ಹತ್ತಲೇಬೇಡಿ. ಕತ್ತಲಾದ ಮೇಲೆ ಅಂಚಿನ ಕಡೆ ಯಾರೂ ಹೋಗಕೂಡದು, ದೊಡ್ಡವರೂ ಸೇರಿ.

ಮೈಸೂರಿನಿಂದ, ಮತ್ತೆ

ದಾವಣಗೆರೆ ಅಕ್ಕ ಹೇಳಿದ್ದು ಸರಿ, ನಾವು ಹೋಗಿದ್ದು ವಾರದ ನಡುವೆ. ಅದನ್ನು ಬರೆಯಲು ಮರೆತೆ.

ಬಳ್ಳಾರಿಯಿಂದ, ನಿವೃತ್ತರು

ಅತ್ತೆಯವರ ಬಗ್ಗೆ ಎರಡು ಮಾತು, ಏಕೆಂದರೆ ನನ್ನದೂ ಅದೇ ಮಂಡಿ.

ಎಲ್ಲರೂ ಕಮರಿ ಕಮರಿ ಎಂದು ಓಡುತ್ತಾರೆ, ಕೋಟೆಯ ಒಳಗಿನದನ್ನು ನೋಡುವವರಿಲ್ಲ. ಬಂಡೆ ಹತ್ತಲಾಗದವರಿಗೆ ಅಲ್ಲಿ ಒಂದು ಇಡೀ ಸಂಜೆಗಾಗುವಷ್ಟಿದೆ. ಮಾಧವರಾಯ ದೇವಸ್ಥಾನದ ಗೋಪುರ, ಜಾಮಿಯಾ ಮಸೀದಿ, ಅದರ ಪಕ್ಕದಲ್ಲೇ ಕಣಜ, ಒಂದು ಕೊಳ. ಆ ಕೊಳವನ್ನು ಕತ್ತುಲ ಕೋನೇರು ಎನ್ನುತ್ತಾರೆ. ಯುದ್ಧ ಮುಗಿದ ಮೇಲೆ ಕತ್ತಿಗಳನ್ನು ಅಲ್ಲಿ ತೊಳೆಯುತ್ತಿದ್ದರು ಎಂದು ಊರಿನವರ ಕಥೆ. ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಇಲ್ಲಿದ್ದರು. ಆಮೇಲೆ ಗೋಲ್ಕೊಂಡ ಸುಲ್ತಾನನ ಸೇನಾಪತಿ ಮೀರ್ ಜುಮ್ಲಾ ಕೋಟೆ ಹಿಡಿದ. 1652ರಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ತವೆರ್ನಿಯೆ ಅವನನ್ನು ಕಾಣಲು ಇಲ್ಲಿಗೇ ಬಂದಿದ್ದ. ಹಂಪಿ ನೋಡಿ ಬೆಳೆದ ನನಗೆ ಇದು ಪುಟ್ಟದೇ. ಆದರೆ ನನಗೆ ಇಲ್ಲಿ ಹಿಡಿಸಿದ್ದು ಒಂದಿದೆ: ಕೋಟೆಯೊಳಗೇ ಊರು. ಮನೆ ಮುಂದೆ ರಂಗೋಲಿ, ಕಟ್ಟಿಹಾಕಿದ ಎಮ್ಮೆ.

ನಾನು ಮಸೀದಿಯ ಮೆಟ್ಟಿಲ ಮೇಲೆ ಕುಳಿತೆ, ಮಕ್ಕಳು ಅಂಚಿಗೆ ಹೋದರು. ಮುಕ್ಕಾಲು ಗಂಟೆ ಗಿಳಿಗಳ ಗಲಾಟೆ ಕೇಳುತ್ತಾ ಕುಳಿತಿದ್ದೆ. ಒಂದು ಮಡಚುವ ಕುರ್ಚಿ ಒಯ್ಯಿರಿ. ಮತ್ತೆ, ಕೋತಿಗಳು. ತಿಂಡಿಯ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ನಡೆಯಬೇಡಿ.

ಹೊಸಕೋಟೆಯಿಂದ

ಮಾರನೆಯ ದಿನ ಬೇಲಂ ಗುಹೆ ಸೇರಿಸಿಕೊಳ್ಳಿ, ಅಲ್ಲಿಂದ ಸುಮಾರು ಅರವತ್ತು ಕಿ.ಮೀ. ಗುಹೆಯ ಉದ್ದ 3,229 ಮೀಟರ್. ಅದರಲ್ಲಿ ಒಂದೂವರೆ ಕಿ.ಮೀ.ನಷ್ಟನ್ನು ದೀಪ ಹಾಕಿ ತೆರೆದಿದ್ದಾರೆ. ಒಳಗೆ ಸೆಕೆ, ಬೆವರು, ಕೆಲವು ಕಡೆ ಬಗ್ಗಿ ನಡೆಯಬೇಕು, ಇಳಿದ ಮೆಟ್ಟಿಲನ್ನೆಲ್ಲ ಮತ್ತೆ ಹತ್ತಬೇಕು. ಹುಡುಗನಿಗೆ ಹಬ್ಬ. ಅತ್ತೆಯವರಿಗೆ ಬೇಡ.

ತುಮಕೂರಿನವರು ಹೇಳಿದ ಬಿಸಿಲು ಡಿಸೆಂಬರ್, ಜನವರಿಯದ್ದಿರಬೇಕು. ಏಪ್ರಿಲ್‌ನಲ್ಲಿ ಹೋಗಿದ್ದ ನನ್ನ ಭಾವಮೈದ ಇನ್ನೂ ಆ ಬಿಸಿಲಿನ ಮಾತೇ ಆಡುತ್ತಾನೆ. ಅಕ್ಟೋಬರ್‌ನಿಂದ ಫೆಬ್ರುವರಿ, ಅಷ್ಟೇ.

ಕೇಳಿದವರು, ಹೋಗಿ ಬಂದ ಮೇಲೆ

ಎಲ್ಲರಿಗೂ ಧನ್ಯವಾದ. ಬುಧವಾರ ಹೋಗಿ ಗುರುವಾರ ಬಂದೆವು. ಎರಡೂ ಮಾಡಿದೆವು: ಅತ್ತೆಗೂ ನನಗೂ ಕೋಣೆ, ಅಪ್ಪ ಮಗನಿಗೆ ಟೆಂಟು. ಹಣ ಹೆಚ್ಚಾಯಿತು, ಜಗಳ ತಪ್ಪಿತು.

ಸಂಜೆ ಅತ್ತೆ ಕುರ್ಚಿ ಹಾಕಿಕೊಂಡು ಮಸೀದಿಯ ಬಳಿ ಕುಳಿತರು. ನಾವು ಹಿಂತಿರುಗುವಷ್ಟರಲ್ಲಿ ಅಲ್ಲಿಯ ಇಬ್ಬರು ಹೆಂಗಸರು ಅವರ ಪಕ್ಕ ಕುಳಿತಿದ್ದರು. ಅತ್ತೆಗೆ ತೆಲುಗು ಬಾರದು, ಅವರಿಗೆ ಕನ್ನಡ ಬಾರದು, ಆದರೆ ಮೂವರಿಗೂ ಮಂಡಿ ನೋವಿತ್ತು. ಯಾವುದೋ ಎಣ್ಣೆಯ ಹೆಸರು ಬರೆಸಿಕೊಂಡು ಬಂದಿದ್ದಾರೆ.

ಅಂಚಿನಲ್ಲಿ ಮಗನ ಕೈ ನನ್ನ ಕೈಯಲ್ಲೇ ಇತ್ತು. ಗೌರಿಬಿದನೂರಿನವರು ಹೇಳಿದ ‘ಟಕ್’ ಸದ್ದು ನಮಗೂ ಕೇಳಿತು. ಆಮೇಲೆ ಅವನೇ ನನ್ನನ್ನು ಹಿಂದಕ್ಕೆ ಎಳೆದ. ಬೆಳಿಗ್ಗೆ ಮೊದಲು ಎದುರು ಗೋಡೆಯ ತುದಿ ಮಾತ್ರ ಕೆಂಪಾಯಿತು, ನೀರು ಇನ್ನೂ ಕಪ್ಪು. ಬಿಸಿಲು ಒಂದೊಂದೇ ಪದರ ಇಳಿದು ನೀರು ಮುಟ್ಟುವವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಮಗನೂ. ಅಷ್ಟರಲ್ಲಿ ಕೋಡುಬಳೆಯ ಪೊಟ್ಟಣ ಕೋತಿಯ ಪಾಲಾಗಿತ್ತು. ಬಳ್ಳಾರಿಯವರ ಮಾತನ್ನು ಅದೊಂದು ವಿಷಯದಲ್ಲಿ ಮರೆತಿದ್ದೆ.

ಟೆಂಟಿನ ಕಥೆ ಕೇಳಿ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದ ಸದ್ದು. ತೆರೆದರೆ ಯಜಮಾನರು, ಹೊದಿಕೆ ಸುತ್ತಿದ ಮಗನನ್ನು ಹೆಗಲಿಗೆ ಹಾಕಿಕೊಂಡು. ಮಗನಿಗೆ ಚಳಿಯಾಗುತ್ತಿತ್ತು ಎಂದರು. ಮಗ ಗಾಢ ನಿದ್ದೆಯಲ್ಲಿದ್ದ, ನಡುಗುತ್ತಿದ್ದವರು ಅವರೇ. ಬೆಳಿಗ್ಗೆ ಸಾಮಾನು ತರಲು ಹೋದಾಗ ಅಲ್ಲಿಯ ಕಂದು ನಾಯಿಯೊಂದು ಟೆಂಟಿನೊಳಗೆ, ಹಾಸಿಗೆಯ ನಟ್ಟನಡುವೆ ಮಲಗಿತ್ತು. ನಮ್ಮನ್ನು ನೋಡಿ ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿತು.