ಪುಟ್ಟಿ, ಮೊದಲು ಊಟದ ವಿಷಯ ಕೇಳು

ಪುಟ್ಟಿ, ನಮ್ಮ ಮನೆ ಗ್ರೂಪಲ್ಲಿ ನಿನ್ನ ಮೆಸೇಜ್ ನೋಡಿದೆ. ಮಲೇಷ್ಯಾದ ಪೆನಾಂಗ್‌ನಿಂದ ನಿನ್ನ ಟೋಸ್ಟ್‌ಮಾಸ್ಟರ್ಸ್ (ಭಾಷಣ ಕಲಿಯುವ ಕ್ಲಬ್) ಗೆಳತಿಯರಿಬ್ಬರು ಮುಂದಿನ ವಾರ ಬರುತ್ತಿದ್ದಾರೆ, ಮನೆಯಲ್ಲೇ ಉಳಿಯುತ್ತಾರೆ, ಗೀಸರ್ ಬೇರೆ ಕೆಟ್ಟಿದೆ, ಏನು ಮಾಡಲಿ ಅಂತ ಗಾಬರಿಯಾಗಿ ಕೇಳಿದ್ದೀಯ. ಗೀಸರ್ ಬಿಡು, ಒಲೆ ಮೇಲೆ ನೀರು ಕಾಯಿಸಿ ಕೊಟ್ಟರೂ ಆಗುತ್ತೆ. ಊಟದ್ದು ಕೇಳಿದ್ದೀಯಾ? ಏನು ತಿನ್ನಬಾರದು ಅಂತ ಬಾಯಿಬಿಟ್ಟು ಕೇಳು. ಕೇಳದೆ ಒಂದು ತುತ್ತೂ ಬಡಿಸಬೇಡ.

ನಮ್ಮನೆಯಲ್ಲಿ ಆದದ್ದು ನಿಮಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ಕ್ಲಬ್ ಮೀಟಿಂಗೆಲ್ಲ ಝೂಮ್‌ಗೆ ಹೋಯಿತಲ್ಲ, ಮೈಸೂರಲ್ಲಿ ಕೂತೇ ಮೆಲ್ಬರ್ನ್ ಕ್ಲಬ್ಬಿಗೂ ಹೋಗಬಹುದಿತ್ತು. ಅಲ್ಲಿನ ಟೀಚರ್ ಒಬ್ಬರ ಪರಿಚಯವಾದದ್ದು ಹಾಗೆ. ನನ್ನ ಭಾಷಣಕ್ಕೆ ಅವರು ವಿಮರ್ಶೆ ಮಾಡಿದ್ದರು, ಮೂರೇ ನಿಮಿಷ. ತಪ್ಪನ್ನೂ ಎಷ್ಟು ಮೆತ್ತಗೆ ಹೇಳಿದರು! ಆಮೇಲೆ ಮನೆಗೇ ಬಂದರು. ಕಡಲೆಕಾಯಿ ತಮಗೆ ಆಗಲ್ಲ ಅಂತ ಮೊದಲೇ ಹೇಳಿದ್ದರು, ನಾನೂ ಮನೆಯವರಿಗೆಲ್ಲ ಹೇಳಿದ್ದೆ.

ಅವತ್ತು ಸಂಜೆ ಕ್ಲಬ್ಬಿಗೆ ಹೊರಡಬೇಕು. ನಾನು ಒಳಗೆ ಸೀರೆ ಉಡುತ್ತಿದ್ದೆ. ಅಷ್ಟರಲ್ಲಿ ನನ್ನ ಓರಗಿತ್ತಿ ಚಿತ್ರಾನ್ನದಿಂದ ಕಡಲೆಕಾಯಿ ಬೀಜ ಆರಿಸಿ ತೆಗೆದು, ಉಳಿದ ಅನ್ನವನ್ನು ಅವರ ತಟ್ಟೆಗೆ ಹಾಕಿದ್ದಾಳೆ. "ಬೀಜ ತೆಗೆದಿದ್ದೀನಲ್ಲ ಅಕ್ಕ, ಇನ್ನೇನು" ಅಂದಳು. ಒಗ್ಗರಣೆ ಹಾಕಿದ್ದೇ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ! ನಾಲ್ಕು ತುತ್ತು ತಿನ್ನುವಷ್ಟರಲ್ಲಿ ತುಟಿ ಊದಿತು, ಕತ್ತಿನ ತುಂಬ ಕೆಂಪು ದದ್ದು, ಉಸಿರಲ್ಲಿ ಸುಯ್ ಸುಯ್ ಸದ್ದು. ಅವರೇ ಬ್ಯಾಗಿಂದ ಅಡ್ರಿನಲಿನ್ ಇಂಜೆಕ್ಷನ್ ಪೆನ್ ತೆಗೆದು, ಬಟ್ಟೆ ಮೇಲೇ ತೊಡೆಯ ಹೊರಬದಿಗೆ ಒತ್ತಿಕೊಂಡರು. ಉಸಿರು ಹದಕ್ಕೆ ಬಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕಾಯಿತು. ಒಮ್ಮೆ ಇಳಿದ ಅಲರ್ಜಿ ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು ಅಂತ ಡಾಕ್ಟರ್ ರಾತ್ರಿಯೆಲ್ಲ ಇಟ್ಟುಕೊಂಡರು. ಇಂಜೆಕ್ಷನ್ ಅವರ ಹತ್ತಿರ ಇಲ್ಲದೇ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ. ಸ್ವಲ್ಪ ತಿಂದರೆ ಏನೂ ಆಗಲ್ಲ ಅನ್ನುವವರ ಮಾತು ಕೇಳಬೇಡ ಪುಟ್ಟಿ. ಚಟ್ನಿಪುಡಿ, ಎಣ್ಣೆ, ಹೊರಗಿಂದ ತಂದ ಮಿಠಾಯಿ, ಎಲ್ಲಾ ನೋಡು. ಮತ್ತೆ ಹೇಳುತ್ತೇನೆ, ಕೇಳದೆ ಒಂದು ತುತ್ತೂ ಬಡಿಸಬೇಡ.

ಅವರು ಬಂದಿದ್ದಾಗ ಫೋಟೋ ತೆಗೆಸಿಕೊಳ್ಳಲು ಇಡೀ ಬಳಗ ಬಂದಿತ್ತು. ನಾನು ಸುತ್ತಲಿನ ಕ್ಲಬ್ಬುಗಳ ಏರಿಯಾ ಭಾಷಣ ಸ್ಪರ್ಧೆಯಲ್ಲಿ ಗೆದ್ದಾಗ ಯಾರು ಬಂದಿರಿ? ಈ ಗ್ರೂಪಲ್ಲಿ ಒಂದು ಶಾಬಾಷ್ ಕೂಡ ಬರಲಿಲ್ಲ. ರಿಟೈರ್ ಆದಮೇಲೆ ದೊಡ್ಡಮ್ಮನಿಗೆ ಭಾಷಣದ ಹುಚ್ಚು ಅಂತ ಮದುವೆ ಮನೆಯಲ್ಲಿ ಮಾತಾಡಿಕೊಂಡಿರಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದು ಈ ಟೋಸ್ಟ್‌ಮಾಸ್ಟರ್ಸ್. ನೂರು ವರ್ಷ ದಾಟಿದೆ. ಮೈಕ್ ಕಂಡರೆ ಬೆವರುತ್ತಿದ್ದವಳು ನಾನು, ಇವತ್ತು ಟೇಬಲ್ ಟಾಪಿಕ್ಸ್‌ನಲ್ಲಿ, ಅಂದರೆ ತಯಾರಿಯಿಲ್ಲದೆ ಮಾತಾಡುವ ಸುತ್ತಿನಲ್ಲಿ, ಯಾವ ವಿಷಯ ಕೊಟ್ಟರೂ ಸಮಯ ಮುಗಿಯಿತು ಅನ್ನುವ ಕೆಂಪು ದೀಪ ಹತ್ತುವವರೆಗೆ ಎರಡು ನಿಮಿಷ ನಿಂತು ಮಾತಾಡುತ್ತೇನೆ. ಅದಕ್ಕೆ ಬೆಲೆ ಇಲ್ವಾ? ನೀನೊಬ್ಬಳೇ ಇದರ ರುಚಿ ಹಿಡಿದವಳು, ಅದು ನನಗೆ ಖುಷಿ.

ಅಯ್ಯೋ, ಮುಖ್ಯವಾದದ್ದೇ ಉಳಿದುಹೋಯಿತು. ವಿದೇಶದವರು ಮನೆಯಲ್ಲಿ ತಂಗಿದರೆ ಬಂದ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ (ವಿದೇಶಿಯರ ನೋಂದಣಿ ಕಚೇರಿ) ಅವರ ವಿವರದ ಫಾರ್ಮ್ ಕೊಡಬೇಕು; 2025ರವರೆಗೆ ಫಾರ್ಮ್ ಸಿ ಅನ್ನುತ್ತಿದ್ದರು, ಈಗ ಅದು ಫಾರ್ಮ್ III. ಹೋಟೆಲಿಗೆ ಮಾತ್ರ ಅಲ್ಲ, ಮನೆಯವರಿಗೂ ಇದೆ. ಆನ್‌ಲೈನ್‌ನಲ್ಲೇ ಆಗುತ್ತೆ, ಆದರೆ ಮೊದಲು ಮನೆಯವರು ಆ ಸೈಟಲ್ಲಿ ನೋಂದಾಯಿಸಿಕೊಳ್ಳಬೇಕು. ನಿಮ್ಮಪ್ಪನ ಹೆಸರಲ್ಲಿ ಇವತ್ತೇ ಮಾಡಿಸು. ಗೆಳತಿಯರ ಪಾಸ್‌ಪೋರ್ಟ್, ವೀಸಾ ಪ್ರತಿ ಈಗಲೇ ತರಿಸಿಟ್ಟುಕೋ. ಗೀಸರ್ ರಿಪೇರಿಯವನ ನಂಬರ್ ನಿಮ್ಮ ಚಿಕ್ಕಪ್ಪನ ಹತ್ತಿರ ಇದೆ, ಕೇಳು.