ಸಹಾಯ ಬೇಕು: ಪ್ರೋಟಾನ್ ಡಿಕ್ಕಿಯಲ್ಲಿ ಒಮೆಗಾ ಕಣ ಹೆಚ್ಚುವುದನ್ನು ವಿವರಿಸುವುದು ಹೇಗೆ?

ನಮಸ್ಕಾರ. ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮುಂದಿನ ತಿಂಗಳು ಯುರೋಪಿನ ಕಣಭೌತ ಸಂಶೋಧನಾ ಕೇಂದ್ರವಾದ ಸರ್ನ್‌ನ ಆಲಿಸ್ ಪ್ರಯೋಗದ ಬಗ್ಗೆ ಕನ್ನಡದಲ್ಲಿಯೇ ಉಪನ್ಯಾಸ ಕೊಡಬೇಕಿದೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ಭಾರದ ನ್ಯೂಕ್ಲಿಯಸ್‌ಗಳು ಡಿಕ್ಕಿ ಹೊಡೆದು ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ (ಪ್ರೋಟಾನ್‌ನಂಥ ಕಣಗಳ ಒಳಗಿನ ಕ್ವಾರ್ಕ್‌ಗಳೂ ಅವನ್ನು ಬೆಸೆಯುವ ಗ್ಲುವಾನ್‌ಗಳೂ ಬಿಡಿಯಾಗಿ ಓಡಾಡುವ ಅತಿ ಬಿಸಿ ಸ್ಥಿತಿ) ಉಂಟಾದರೆ ‘ಸ್ಟ್ರೇಂಜ್’ ಎಂಬ ಬಗೆಯ ಕ್ವಾರ್ಕ್‌ಗಳಿರುವ ಕಣಗಳು ಹೆಚ್ಚಬೇಕೆಂದು ರಾಫೆಲ್‌ಸ್ಕಿ ಮತ್ತು ಮ್ಯುಲ್ಲರ್ 1982ರಲ್ಲಿಯೇ ವಾದಿಸಿದ್ದರು. ಇಷ್ಟನ್ನು ಹೇಳುವುದು ಕಷ್ಟವಲ್ಲ. ನನ್ನನ್ನು ಕಾಡುತ್ತಿರುವುದು ಆಲಿಸ್ ತಂಡ 2017ರಲ್ಲಿ ಪ್ರಕಟಿಸಿದ ಫಲಿತಾಂಶ. 7 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್-ಪ್ರೋಟಾನ್ ಡಿಕ್ಕಿಗಳಲ್ಲಿಯೂ, ಒಂದು ಡಿಕ್ಕಿಯಿಂದ ಹೊರಬರುವ ಕಣಗಳ ಸಂಖ್ಯೆ ಹೆಚ್ಚಿದಂತೆ, ಸ್ಟ್ರೇಂಜ್ ಕ್ವಾರ್ಕ್ ಇಲ್ಲದ ಹಗುರ ಕಣಗಳಾದ ಪಯಾನ್‌ಗಳಿಗೆ ಹೋಲಿಸಿದರೆ ಸ್ಟ್ರೇಂಜ್ ಕ್ವಾರ್ಕ್ ಇರುವ ಲ್ಯಾಮ್‌ಡಾ, ಕ್ಸೈ, ಒಮೆಗಾ ಕಣಗಳ ಪಾಲು ಏರುತ್ತದೆ. ಮೂರು ಸ್ಟ್ರೇಂಜ್ ಕ್ವಾರ್ಕ್‌ಗಳಿರುವ ಒಮೆಗಾದ ಏರಿಕೆ ಎಲ್ಲಕ್ಕಿಂತ ಕಡಿದಾದದ್ದು. ಪಯಾನ್‌ಗಿಂತ ಭಾರವಾದರೂ ಸ್ಟ್ರೇಂಜ್ ಕ್ವಾರ್ಕ್ ಇಲ್ಲದ ಪ್ರೋಟಾನ್‌ಗಳ ಪಾಲು ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇದೆ. ಆದ್ದರಿಂದ ಕಣದ ದ್ರವ್ಯರಾಶಿಯನ್ನು ಕಾರಣವೆನ್ನಲಾಗದು. ಇದನ್ನು ತೋರಿಸುವ ಗ್ರಾಫ್ ಎಷ್ಟು ಸುಂದರವಾಗಿದೆ! ಸೀಸದ ನ್ಯೂಕ್ಲಿಯಸ್‌ಗಳ ಡಿಕ್ಕಿಗಳ ಬಿಂದುಗಳು ಅದೇ ಗೆರೆಯ ಮುಂದುವರಿಕೆಯಂತೆ ಕಾಣುತ್ತವೆ.

ಹಾಗಾದರೆ ಪ್ರೋಟಾನ್ ಡಿಕ್ಕಿಯಲ್ಲಿಯೂ ಪ್ಲಾಸ್ಮಾದ ಹನಿ ಹುಟ್ಟುತ್ತದೆ ಎನ್ನಬಹುದೇ? ಅಥವಾ ಕ್ವಾರ್ಕ್‌ಗಳನ್ನು ಬೆಸೆಯುವ ಬಲದ ಎಳೆಗಳಾದ ‘ಬಣ್ಣದ ತಂತುಗಳು’ ಹೆಣೆದು ಹಗ್ಗವಾಗುತ್ತವೆ ಎಂಬ ವಿವರಣೆಯೇ ಸಾಕೇ? ಒಂದರ ಪಕ್ಷ ವಹಿಸದೆ ಎರಡನ್ನೂ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದಿಡುವುದು ಹೇಗೆ? ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡಿರುವವರು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ: ‘ಸ್ಟ್ರೇಂಜ್‌ನೆಸ್’ಗೆ ‘ವಿಚಿತ್ರತೆ’ ಎಂದರೆ ಮಕ್ಕಳು ತಪ್ಪು ತಿಳಿಯುತ್ತಾರೆ ಎಂಬ ಅಳುಕಿದೆ. ನೀವು ಯಾವ ಪದ ಬಳಸುತ್ತೀರಿ?