ಗುರಾಣಿ ಹಿಡಿದ ಇಬ್ಬರು ಯುವಕರು: ಅಗಸ್ಟಸನ ಬೆಳ್ಳಿ ನಾಣ್ಯ

ಪ್ರಶ್ನೆ: ಸರ್, ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ನಾಣ್ಯದ ಚಿತ್ರ ಹಾಕಿದ್ದೇನೆ. ಒಂದು ಬದಿಯಲ್ಲಿ ಎಲೆಯ ಮಾಲೆ ಧರಿಸಿದ ತಲೆಯಿದೆ, ಇನ್ನೊಂದು ಬದಿಯಲ್ಲಿ ಗುರಾಣಿ, ಭರ್ಜಿಗಳೊಡನೆ ನಿಂತ ಇಬ್ಬರಿದ್ದಾರೆ. ಇವರು ಜೊತೆಯಾಗಿ ಆಳಿದ ಚಕ್ರವರ್ತಿಗಳೇ?

ಉತ್ತರ: ಅಲ್ಲ, ಈ ಇಬ್ಬರೂ ಒಂದು ದಿನವೂ ಆಳಲಿಲ್ಲ. ತಲೆ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನದು, ನಿಂತವರು ಗೇಯಸ್ ಮತ್ತು ಲೂಸಿಯಸ್, ಅಂದರೆ ಅವನ ಮಗಳು ಜೂಲಿಯಾ ಮತ್ತು ಅವಳ ಗಂಡ, ಸೇನಾಪತಿ ಅಗ್ರಿಪ್ಪ ಇವರ ಮಕ್ಕಳು, ಇವರನ್ನು ಅಗಸ್ಟಸನೇ ಕ್ರಿ.ಪೂ. 17ರಲ್ಲಿ ದತ್ತು ತೆಗೆದುಕೊಂಡಿದ್ದನು. ಅವರ ಮೇಲ್ಭಾಗದಲ್ಲಿರುವ ಸೌಟು ಮತ್ತು ಬಾಗಿದ ಕೋಲು ಇಬ್ಬರ ಪುರೋಹಿತ ಪದವಿಗಳ ಗುರುತುಗಳು. ಮುಂಬದಿಯ ಬರಹದಲ್ಲಿ ‘ರಾಷ್ಟ್ರಪಿತ’ ಎಂಬ ಬಿರುದಿದೆ. ಅದನ್ನು ಅಗಸ್ಟಸ್ ಪಡೆದದ್ದು ಕ್ರಿ.ಪೂ. 2ರಲ್ಲಿ, ಆದ್ದರಿಂದ ನಾಣ್ಯ ಅದಕ್ಕಿಂತ ಹಿಂದಿನದಾಗಲಾರದು. ಇವು ಇಂದಿನ ಫ್ರಾನ್ಸಿನ ಲಿಯಾನ್‌ನಲ್ಲಿದ್ದ ಟಂಕಸಾಲೆಯಲ್ಲಿ ಅಚ್ಚಾದವು. ಲೂಸಿಯಸ್ ಕ್ರಿ.ಶ. 2ರಲ್ಲಿಯೂ ಗೇಯಸ್ ಕ್ರಿ.ಶ. 4ರಲ್ಲಿಯೂ ತೀರಿಕೊಂಡ ಮೇಲೆ ಉತ್ತರಾಧಿಕಾರ ಅಗಸ್ಟಸನ ಮಲಮಗ ಟೈಬೀರಿಯಸನ ಪಾಲಾಯಿತು, ಆದರೆ ಸತ್ತ ಯುವರಾಜರ ಈ ನಾಣ್ಯಗಳು ಮಾತ್ರ ಬಹುಕಾಲ ಚಲಾವಣೆಯಲ್ಲಿದ್ದವು. ದಕ್ಷಿಣ ಭಾರತದ ನಿಧಿಗಳಲ್ಲಿ ಇವು ಟೈಬೀರಿಯಸನ ನಾಣ್ಯಗಳೊಡನೆ ಹೇರಳವಾಗಿ ಸಿಗುತ್ತವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತ್ತು.

ಮರುಪ್ರಶ್ನೆ: ತೂಕ 3.1 ಗ್ರಾಂ ಮಾತ್ರ, ಅಕ್ಷರಗಳೂ ಗೊಂದಲಮಯವಾಗಿವೆ. ಅಂಗಡಿಯವರು ಇದು ನಕಲಿ ಎನ್ನುತ್ತಾರೆ.

ಉತ್ತರ: ಅವರು ಆತುರಪಟ್ಟಿದ್ದಾರೆ. ಅಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಗೆ 84 ಡೆನಾರಿಯಸ್‌ಗಳನ್ನು (ಈ ಬಗೆಯ ರೋಮನ್ ಬೆಳ್ಳಿ ನಾಣ್ಯಗಳನ್ನು) ಅಚ್ಚುಹಾಕಬೇಕಿತ್ತು, ಎಂದರೆ ಒಂದಕ್ಕೆ ಸುಮಾರು 3.9 ಗ್ರಾಂ, ಸವೆದರೂ ಅದು 3.1ಕ್ಕೆ ಇಳಿಯುವುದು ಅಪರೂಪ. ಆದರೆ ಅಷ್ಟರಿಂದಲೇ ಇದು ಇಂದಿನ ನಕಲಿ ಎನ್ನಲಾಗದು: ಅಂಚಿನ ಸವೆತದಲ್ಲಿ ತಾಮ್ರ ಕಂಡರೆ ಅದು ಬೆಳ್ಳಿಯ ಲೇಪವುಳ್ಳ ಪ್ರಾಚೀನ ನಾಣ್ಯವಾಗಿರಬಹುದು. ಇನ್ನೊಂದು ಸಾಧ್ಯತೆ ನನಗೆ ಹೆಚ್ಚು ಕುತೂಹಲದ್ದು: ಲ್ಯಾಟಿನ್ ಲಿಪಿ ತಿಳಿಯದ ಭಾರತದ ಅಕ್ಕಸಾಲಿಗರು ಆ ಕಾಲದಲ್ಲೇ ಈ ಮಾದರಿಯನ್ನು ಅನುಕರಿಸಿದ್ದು, ಅವುಗಳ ಬರಹ ಬರೀ ಗೆರೆಗಳಂತೆ ಕಾಣುತ್ತದೆ. ಆದರೆ ಅಂಚಿನ ಸುತ್ತ ಎರಕದ ಗೆರೆಯೂ ಮೈಮೇಲೆ ಸಣ್ಣ ಗುಳ್ಳೆಗಳೂ ಇದ್ದರೆ, ಅಂದರೆ ಅಚ್ಚೊತ್ತದೆ ಲೋಹ ಕರಗಿಸಿ ಎರಕ ಹೊಯ್ದ ಗುರುತುಗಳಿದ್ದರೆ, ಅಂಗಡಿಯವರ ಮಾತೇ ನಿಜವಾದೀತು. ದಯವಿಟ್ಟು ಹುಣಸೆಹಣ್ಣಿನಿಂದ ಉಜ್ಜಬೇಡಿ. ಅಂಚು ಮತ್ತು ಎರಡೂ ಬದಿಗಳ ಚಿತ್ರಗಳನ್ನು ಓರೆ ಬೆಳಕಿನಲ್ಲಿ ತೆಗೆದು ಹಾಕಿ.